ಡಿಫ್ರಾಗ್‌ಗೆ ಮುನ್ನ ಡಿಸ್ಕ್ ಯಾವುದೆಂದು ನೋಡಿ

ಕಂಪ್ಯೂಟರ್ ನಿಧಾನವಾದರೆ ಸಾಕು, ‘ಡಿಫ್ರಾಗ್ ಮಾಡಿ’, ಅಂದರೆ ಡಿಸ್ಕಿನಲ್ಲಿ ಚದುರಿದ ಕಡತದ ತುಂಡುಗಳನ್ನು ಒಟ್ಟುಗೂಡಿಸಿ, ಎಂಬ ಸಲಹೆ ಸಿದ್ಧವಾಗಿರುತ್ತದೆ. ಡಿಸ್ಕ್ ಯಾವ ಬಗೆಯದು, ಒಳಗೆ ಎಷ್ಟು ಜಾಗವಿದೆ ಎಂದು ನೋಡದೆ ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ಏನೂ ಬದಲಾಗಲಿಲ್ಲವೆಂದು ಬೇಸರಪಡುವವರನ್ನು ಬಹಳ ಕಂಡಿದ್ದೇನೆ.

ವಿಂಡೋಸ್ ಡಿಸ್ಕನ್ನು ಸಾಮಾನ್ಯವಾಗಿ 4 ಕೆಬಿಯ ಪುಟ್ಟ ಖಾನೆಗಳಾಗಿ (ಕ್ಲಸ್ಟರ್) ಹಂಚಿಕೊಳ್ಳುತ್ತದೆ. ಹಳೆಯ ಕಡತಗಳನ್ನು ಅಳಿಸಿದಾಗ ನಡುನಡುವೆ ಜಾಗ ತೆರವಾಗುತ್ತದೆ. ಆಮೇಲೆ ಬಂದ ದೊಡ್ಡ ಕಡತ, ಪಂಕ್ತಿಯಲ್ಲಿ ಒಟ್ಟಿಗೆ ಎಲೆ ಸಿಗದ ಕುಟುಂಬದಂತೆ, ಸಿಕ್ಕ ಕಡೆ ಚದುರಿ ಕೂರುತ್ತದೆ. ನಿಮಿಷಕ್ಕೆ 5,400 ಸಲ ತಿರುಗುವ ಡಿಸ್ಕಿಗೆ ಒಂದು ಸುತ್ತು ಮುಗಿಸಲು ಸುಮಾರು 11 ಮಿಲಿಸೆಕೆಂಡ್ ಬೇಕು. ಪ್ರತಿ ತುಂಡಿಗೂ ಡಿಸ್ಕನ್ನು ಓದುವ ಹೆಡ್ ಸರಿದು, ಆ ಭಾಗ ತನ್ನಡಿಗೆ ಬರುವವರೆಗೆ ಕಾಯಬೇಕು. ನಿಧಾನವಾಗುವುದು ಇಲ್ಲಿ.

ಮೊದಲು ಸ್ಟಾರ್ಟ್ ಮೆನುವಿನಲ್ಲಿ ‘ಡಿಫ್ರಾಗ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಬರುವ ಕಿಟಕಿ ತೆರೆಯಿರಿ.

ಅಲ್ಲಿ ‘ಮೀಡಿಯಾ ಟೈಪ್’ ಕಾಲಂ ನೋಡಿ. ‘ಸಾಲಿಡ್ ಸ್ಟೇಟ್ ಡ್ರೈವ್’ (ಎಸ್‌ಎಸ್‌ಡಿ) ಎಂದಿದ್ದರೆ ನಿಮಗೆ ಕೆಲಸವಿಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಹೆಡ್ಡೂ ಇಲ್ಲ. ಅಳಿಸಿದ ಕಡತಗಳ ಜಾಗ ಯಾವುದೆಂದು ಅದಕ್ಕೆ ತಿಳಿಸುವ ‘ಟ್ರಿಮ್’ ಆದೇಶವನ್ನು ವಿಂಡೋಸ್ ತಾನೇ ಕಳಿಸುತ್ತದೆ. ವೇಗ ಹೆಚ್ಚಿಸುವುದಾಗಿ ಹೇಳುವ ಉಚಿತ ತಂತ್ರಾಂಶಗಳನ್ನು ಖಂಡಿತ ಹಾಕಿಕೊಳ್ಳಬೇಡಿ. ಎಸ್‌ಎಸ್‌ಡಿಯಲ್ಲಿ ಎಷ್ಟು ಸಲ ಬರೆಯಬಹುದೆಂಬುದಕ್ಕೆ ಮಿತಿಯಿದೆ. ಅನಗತ್ಯವಾಗಿ ಕಡತ ಸರಿಸಿದಷ್ಟೂ ಅದು ಸವೆಯುತ್ತದೆ.

‘ಹಾರ್ಡ್ ಡಿಸ್ಕ್ ಡ್ರೈವ್’ ಎಂದಿದ್ದರೆ, ಹೆಚ್ಚಿನವರು ಎಡವುವ ಹಂತ ಈಗ ಬರುತ್ತದೆ: ಖಾಲಿ ಜಾಗ. ತುಂಡುಗಳನ್ನು ತಾತ್ಕಾಲಿಕವಾಗಿ ಸರಿಸಿಡಲು ಎಡೆ ಬೇಕು. ಶೇ 15ರಷ್ಟಾದರೂ, ಅಂದರೆ 500 ಜಿಬಿಯಲ್ಲಿ 75 ಜಿಬಿ, ತೆರವಿರಲಿ. ಡೌನ್‌ಲೋಡ್ಸ್ ಫೋಲ್ಡರ್ ಸೋಸಿ, ರೀಸೈಕಲ್ ಬಿನ್ ಖಾಲಿ ಮಾಡಿ, ಹಳೆಯ ವಿಡಿಯೊಗಳನ್ನು ಬೇರೆಡೆ ಸಾಗಿಸಿ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಡಿಫ್ರಾಗ್ ಯೋಚನೆಯನ್ನೇ ಬಿಟ್ಟು, ಮೊದಲು ಕಡತಗಳ ನಕಲು ತೆಗೆದುಕೊಳ್ಳಿ. ಸಾಯುತ್ತಿರುವ ಡಿಸ್ಕಿಗೆ ಇಷ್ಟು ದುಡಿಮೆ ತಡೆಯುವುದಿಲ್ಲ.

ಬಳಿಕ ‘ಅನಲೈಜ್’ ಒತ್ತಿ. ಚದುರುವಿಕೆ ಶೇ 10ರೊಳಗಿದ್ದರೆ ನಾನು ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ಸೊನ್ನೆಗೆ ಇಳಿಸುವ ಹಟ ವ್ಯರ್ಥ: 64 ಎಂಬಿಗಿಂತ ದೊಡ್ಡ ತುಂಡುಗಳನ್ನು ವಿಂಡೋಸ್ ಸಾಮಾನ್ಯವಾಗಿ ಇದ್ದಲ್ಲೇ ಬಿಡುತ್ತದೆ. ಅಷ್ಟು ದೊಡ್ಡ ತುಂಡನ್ನು ಓದುವ ಸಮಯದ ಮುಂದೆ ಹೆಡ್ ಸರಿಯುವ ಸಮಯ ಲೆಕ್ಕಕ್ಕಿಲ್ಲ.

ಚದುರುವಿಕೆ ಶೇ 10ಕ್ಕಿಂತ ಹೆಚ್ಚಿದ್ದರೆ, ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿ ‘ಆಪ್ಟಿಮೈಜ್’ ಒತ್ತಿ. ಮುಗಿದ ಮೇಲೆ ಅದೇ ಕಿಟಕಿಯ ಕೆಳಗೆ ವಾರಕ್ಕೊಮ್ಮೆಯ ಸ್ವಯಂಚಾಲಿತ ವೇಳಾಪಟ್ಟಿ ಚಾಲೂ ಇದೆಯೇ ನೋಡಿ. ಯಾರಾದರೂ ನಿಲ್ಲಿಸಿದ್ದರೆ ಮತ್ತೆ ಚಾಲೂ ಮಾಡಿ.