‘ವತಿ’ ಕಂಡೊಡನೆ ಶರಾವತಿ ಬರೆಯಬೇಡಿ: ವಿಷಯಾಧಾರಿತ ಪದಬಂಧ ಬಿಡಿಸುವ ಬಗೆ

ಬೆಳಗಿನ ನಡಿಗೆ ಮುಗಿಸಿ, ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು ಪತ್ರಿಕೆಯ ಪದಬಂಧ ಬಿಡಿಸುವ ನಾಲ್ಕೈದು ಮಂದಿಯನ್ನು ನಾನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಸಾಮಾನ್ಯ ಪದಬಂಧವನ್ನು ಅರ್ಧ ಗಂಟೆಯಲ್ಲಿ ತುಂಬಿಸಿ ಏಳುವ ಇವರು, ಒಂದೇ ವಿಷಯವನ್ನಿಟ್ಟುಕೊಂಡು ಹೆಣೆದ ಪದಬಂಧ ಬಂದ ದಿನ ಮಾತ್ರ ಅರ್ಧಕ್ಕೆ ನಿಂತುಬಿಡುತ್ತಾರೆ. ವಿಷಯ ಮೊದಲೇ ಗೊತ್ತಿರುವಾಗ ಕೆಲಸ ಹಗುರವಾಗಬೇಕಿತ್ತು. ಆದರೆ ವಿಷಯ ಗೊತ್ತಾದ ಮೇಲೆಯೇ ಹೆಚ್ಚು ತಪ್ಪುಗಳಾಗುತ್ತವೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಒಂದು ಮಳೆಗಾಲದಲ್ಲಿ ‘ನಾಡಿನ ನದಿಗಳು’ ಎಂಬ ತಲೆಬರಹದ ಪದಬಂಧ ಬಂದಿತ್ತು. ನಾಲ್ಕು ಮನೆಗಳ ಒಂದು ಸಾಲಿನ ಕೊನೆಯಲ್ಲಿ ‘ವತಿ’ ಎಂದು ಮೂಡಿದ್ದೇ ತಡ, ನಿವೃತ್ತ ಮೇಷ್ಟ್ರೊಬ್ಬರು ಬಾಲ್ ಪೆನ್ನಿನಿಂದ ‘ಶರಾವತಿ’ ಎಂದು ಒತ್ತಿ ಬರೆದರು. ಸುಳಿವಿನಲ್ಲಿ ಇದ್ದದ್ದು ‘ಕಾವೇರಿಯನ್ನು ಕೂಡಿಕೊಳ್ಳುವವಳು (4)’ ಎಂದು. ಪಕ್ಕದಲ್ಲಿದ್ದವರು, “ಮೇಷ್ಟ್ರೇ, ಶರಾವತಿ ಹೊನ್ನಾವರದ ಹತ್ತಿರ ಸಮುದ್ರ ಸೇರುತ್ತಾಳಲ್ಲ?” ಎಂದು ಕೇಳುವ ಹೊತ್ತಿಗೆ ಆ ಸಾಲಿನಿಂದ ಕೆಳಗಿಳಿಯುವ ಇನ್ನೆರಡು ಪದಗಳೂ ಕೆಟ್ಟಿದ್ದವು. ಅದೇ ನದಿಗಳ ಪದಬಂಧವನ್ನು ಮಾದರಿಯಾಗಿಟ್ಟುಕೊಂಡು, ಇಂಥದ್ದನ್ನು ಬಿಡಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಹಂತ: ಸಲಕರಣೆ

ಎಚ್‌ಬಿ ಪೆನ್ಸಿಲ್ ಮತ್ತು ಮೃದುವಾದ ರಬ್ಬರ್ ಇದ್ದರೆ ಸಾಕು. ಪೆನ್ಸಿಲ್ಲಿನ ತುದಿ ತೀರ ಚೂಪಾಗಿರಬಾರದು, ಏಕೆಂದರೆ ಪತ್ರಿಕೆಯ ಕಾಗದ ಹರಿಯುತ್ತದೆ. ಅಳಿಸಬಹುದಾದ ಶಾಯಿಯ ಪೆನ್ನುಗಳನ್ನು ಕೊಳ್ಳಬೇಡಿ. ನಾನು ಬಳಸಿ ನೋಡಿದವೆಲ್ಲ ಪತ್ರಿಕೆಯ ಕಾಗದದ ಮೇಲೆ ಶಾಯಿಯ ಜೊತೆಗೆ ಅಚ್ಚಾದ ಗೆರೆಯನ್ನೂ ಉಜ್ಜಿ ಮಸಿ ಮಾಡಿವೆ.

ಎರಡನೆಯ ಹಂತ: ತಲೆಬರಹವನ್ನು ಓದಿ, ಪಕ್ಕಕ್ಕಿಡಿ

ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಯ ದಿನದ ಪದಬಂಧದಲ್ಲಿ ವಿಷಯ ಯಾವುದೆಂದು ಕಂಡುಹಿಡಿಯುವುದೇ ಆಟದ ಒಂದು ಭಾಗ. ನಮ್ಮಲ್ಲಿ ದಸರೆ, ಯುಗಾದಿ, ರಾಜ್ಯೋತ್ಸವಗಳ ಸಂದರ್ಭಕ್ಕೆ ಹೆಣೆದವುಗಳಲ್ಲಿ ಬಹುಮಟ್ಟಿಗೆ ವಿಷಯವನ್ನು ಮೇಲೆಯೇ ಹೇಳಿಬಿಡುತ್ತಾರೆ. ಹಾಗೆಂದು ಎಲ್ಲ ಉತ್ತರಗಳೂ ಆ ವಿಷಯದವೇ ಆಗಿರುವುದಿಲ್ಲ. ಮನೆಗಳನ್ನು ಒಂದಕ್ಕೊಂದು ಹೊಂದಿಸಲು ಮಾಲೆ, ನಿದ್ರೆ, ದ್ರಾಕ್ಷಿಗಳಂಥ ಹೊರಗಿನ ಪದಗಳು ಬೇಕೇ ಬೇಕು, ಮತ್ತು ಅವುಗಳ ಸಂಖ್ಯೆ ವಿಷಯದ ಪದಗಳಿಗಿಂತ ಹೆಚ್ಚಾಗಿಯೇ ಇರುತ್ತದೆ. ‘ಕೊರಳಿಗೆ ಬೀಳುವ ಹೂವು (2)’ ಎಂಬುದಕ್ಕೂ ನದಿಯ ಹೆಸರನ್ನೇ ಹುಡುಕುತ್ತ ಕುಳಿತವರನ್ನು ನಾನು ಕಂಡಿದ್ದೇನೆ.

ಮೂರನೆಯ ಹಂತ: ಸಣ್ಣ ಪದಗಳಿಂದ ತೊಡಗಿ

ಎರಡು ಮತ್ತು ಮೂರು ಅಕ್ಷರಗಳ, ವಿಷಯಕ್ಕೆ ಸಂಬಂಧಿಸದ ಸುಳಿವುಗಳನ್ನು ಮೊದಲು ಬಿಡಿಸಿ, ಒಮ್ಮೆ ಎಡದಿಂದ ಬಲಕ್ಕೆ, ಇನ್ನೊಮ್ಮೆ ಮೇಲಿನಿಂದ ಕೆಳಕ್ಕೆ. ತಿಳಿಯದ್ದನ್ನು ಬಿಟ್ಟು ಮುಂದೆ ಹೋಗಿ.

ನಾಲ್ಕನೆಯ ಹಂತ: ವಿಷಯದ ಪದಗಳನ್ನು ಅಡ್ಡಪದಗಳಿಂದ ಹೊರತೆಗೆಯುವುದು

ಅಡ್ಡಪದವೆಂದರೆ ನಾವು ತುಂಬಿಸುತ್ತಿರುವ ಪದವನ್ನು ಅಡ್ಡ ಹಾಯ್ದು, ಅದರ ಒಂದು ಮನೆಯನ್ನು ಹಂಚಿಕೊಳ್ಳುವ ಇನ್ನೊಂದು ಪದ. ಎಲ್ಲರೂ ಎಡವುವುದು ಇಲ್ಲಿ. ಆದ್ದರಿಂದ ಈ ಹಂತವನ್ನು ನಿಧಾನವಾಗಿ ನೋಡಬೇಕು.

ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೊದಲ ಪದಬಂಧ ಇಂಗ್ಲಿಷಿನದು. ಅಲ್ಲಿ ಒಂದು ಮನೆಗೆ ಬರಬಹುದಾದ ಅಕ್ಷರಗಳು 26 ಮಾತ್ರ. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ಣಾಕ್ಷರ, ಅಂದರೆ ಸ್ವರಚಿಹ್ನೆ, ಒತ್ತು, ಸೊನ್ನೆ ಎಲ್ಲವೂ ಸೇರಿದ ಅಕ್ಷರ. 34 ವ್ಯಂಜನಗಳಿಗೆ ಕಾಗುಣಿತದ 15 ರೂಪಗಳನ್ನು ಲೆಕ್ಕ ಹಾಕಿದರೂ, ಒತ್ತಕ್ಷರಗಳನ್ನು ಬಿಟ್ಟೇ, 510 ಆಗುತ್ತದೆ. ಹೀಗಾಗಿ ನಮ್ಮ ಪದಬಂಧದಲ್ಲಿ ಅಡ್ಡ ಹಾಯುವ ಒಂದು ಪದ ಕೊಡುವ ಒಂದೇ ಒಂದು ಅಕ್ಷರ ಬಹಳ ಬೆಲೆಯುಳ್ಳದ್ದು. ‘ವೇ’ ಎಂದು ಖಚಿತವಾದ ಮನೆಯಲ್ಲಿ ‘ವ’ ಬರಲಾರದು, ‘ವೆ’ ಕೂಡ ಬರಲಾರದು. ಇಷ್ಟು ಗಟ್ಟಿಯಾದ ಸಾಕ್ಷಿ ಕೈಯಲ್ಲಿರುವಾಗ ಊಹೆಯ ಮೇಲೆ ಹೋಗುವುದು ಸರಿಯಲ್ಲ.

ಮೇಷ್ಟ್ರ ಸಾಲಿಗೇ ಬರೋಣ. ನಾಲ್ಕು ಅಕ್ಷರ, ಕೊನೆಯಲ್ಲಿ ‘ವತಿ’. ಹೇಮಾವತಿ, ಶರಾವತಿ, ನೇತ್ರಾವತಿ, ವೇದಾವತಿ, ಅರ್ಕಾವತಿ – ಐದೂ ಹಿಡಿಸುತ್ತವೆ. ಸುಳಿವಿಗೆ ಮರಳಿ ಹೋದರೆ ಶರಾವತಿಯೂ ನೇತ್ರಾವತಿಯೂ ಪಡುವಣ ಕಡಲಿಗೆ ಹರಿಯುತ್ತವೆ, ವೇದಾವತಿ ತುಂಗಭದ್ರೆಯ ಕಡೆಗೆ ಹೋಗುತ್ತದೆ. ಹೇಮಾವತಿ ಮತ್ತು ಅರ್ಕಾವತಿ ಎರಡೂ ಕಾವೇರಿಯನ್ನು ಸೇರುವವೇ ಆದ್ದರಿಂದ, ಎಷ್ಟೇ ಭೂಗೋಳ ಓದಿದ್ದರೂ ಇಲ್ಲಿಂದ ಮುಂದೆ ಸುಳಿವು ನೆರವಾಗುವುದಿಲ್ಲ. ಈಗ ಮನೆಗಳನ್ನು ನೋಡಬೇಕು. ಆ ದಿನ ಎರಡನೆಯ ಮನೆಯ ಮೂಲೆಯಲ್ಲಿ ಪುಟ್ಟದಾಗಿ 6 ಎಂಬ ಅಂಕಿ ಇತ್ತು, ಅಂದರೆ ಆ ಮನೆಯಿಂದ ಕೆಳಕ್ಕೆ ಒಂದು ಪದ ಶುರುವಾಗುತ್ತದೆ. ಅರ್ಕಾವತಿಯಾದರೆ ಆ ಮನೆಯಲ್ಲಿ ‘ರ್ಕಾ’ ಕೂರಬೇಕು, ಮತ್ತು ಅರ್ಕಾವೊತ್ತಿನ ಅಕ್ಷರದಿಂದ ಯಾವ ಪದವೂ ಆರಂಭವಾಗುವುದಿಲ್ಲ. ಆದ್ದರಿಂದ ಅದು ‘ಮಾ’ ಆಗಲೇಬೇಕು, ಉತ್ತರ ಹೇಮಾವತಿಯೇ. ಆರನೆಯ ಸುಳಿವನ್ನು ಓದಿದರೆ, ‘ಕೊರಳಿಗೆ ಬೀಳುವ ಹೂವು’: ಮಾಲೆ.

ಅಂಕಿಯಿರುವ ಮನೆಯ ಈ ಲಕ್ಷಣವನ್ನು ಎಲ್ಲ ಕಡೆಯೂ ಬಳಸಿಕೊಳ್ಳಿ. ಙ, ಞಗಳಿಂದಂತೂ ಪದ ಶುರುವಾಗುವುದಿಲ್ಲ. ಣ ಮತ್ತು ಳ ಕೂಡ ಪದದ ಮೊದಲಿಗೆ ಬರುವವಲ್ಲ. ಪದ ಆರಂಭವಾಗುವ ಮನೆಯಲ್ಲಿ ಇವು ಬಂದು ಕುಳಿತಿದ್ದರೆ ಅಡ್ಡ ಅಥವಾ ಉದ್ದ, ಎಲ್ಲೋ ಒಂದು ಕಡೆ ತಪ್ಪಿದ್ದೀರಿ ಎಂದೇ ತಿಳಿಯಿರಿ.

ಎರಡನೆಯ ತೊಡಕು ಒಂದೇ ನದಿಗೆ ಎರಡು ಹೆಸರಿರುವುದು. ‘ನಂಜನಗೂಡನ್ನು ಹಾದವಳು (3)’ ಎಂದರೆ ಕಬಿನಿಯೂ ಹೌದು, ಕಪಿಲಾ ಕೂಡ ಹೌದು. ಎರಡೂ ಮೂರಕ್ಷರ, ಎರಡೂ ‘ಕ’ದಿಂದಲೇ ಶುರು. ಅಡ್ಡಪದದಿಂದ ಮೊದಲ ಮನೆಗೆ ‘ಕ’ ಸಿಕ್ಕ ಸಂತೋಷದಲ್ಲಿ ಜನ ಉಳಿದೆರಡನ್ನೂ ತುಂಬಿಸಿಬಿಡುತ್ತಾರೆ. ‘ಕ’ ಒಂದರಿಂದ ಇಲ್ಲಿ ಏನೂ ತೀರ್ಮಾನವಾಗುವುದಿಲ್ಲ. ಎರಡನೆಯ ಅಥವಾ ಮೂರನೆಯ ಮನೆಗೆ ಇನ್ನೊಂದು ಪದ ಬಂದು ತಾಗುವವರೆಗೆ ಆ ಸಾಲನ್ನು ಮುಟ್ಟಬೇಡಿ.

ಮೂರನೆಯದು ಕೊನೆಯ ಸ್ವರ. ತುಂಗಾ–ತುಂಗೆ, ಭದ್ರಾ–ಭದ್ರೆ, ಕೃಷ್ಣಾ–ಕೃಷ್ಣೆ, ಮಲಪ್ರಭಾ–ಮಲಪ್ರಭೆ, ಕುಮಾರಧಾರಾ–ಕುಮಾರಧಾರೆ: ಎಲ್ಲವೂ ಬಳಕೆಯಲ್ಲಿವೆ, ಯಾವುದನ್ನೂ ತಪ್ಪೆನ್ನಲಾಗದು. ‘ಕೂಡಲಿಯಲ್ಲಿ ತುಂಗೆಯ ಜೊತೆಯಾದವಳು (2)’ ಎಂಬುದಕ್ಕೆ ಏನು ಬರೆಯಬೇಕು? ನಾನು ಮಾಡುವುದು, ಮತ್ತು ನೀವೂ ಮಾಡಲೇಬೇಕೆಂದು ಹೇಳುವುದು, ಇದು: ಮೊದಲ ಮನೆಯಲ್ಲಿ ‘ಭ’ ಬರೆಯಿರಿ, ಎರಡನೆಯ ಮನೆಯಲ್ಲಿ ದಕಾರವನ್ನೂ ಅದರ ರಕಾರದ ಒತ್ತನ್ನೂ ತೆಳುವಾಗಿ, ತಲಕಟ್ಟು ಹಾಕದೆ ಬರೆದಿಡಿ. ಇಳಿಯೋ ಏತ್ವವೋ ಎಂಬುದನ್ನು ಅಡ್ಡಪದ ಹೇಳಲಿ. ಕೆಳಗಿನ ಪದ ಆ ಮನೆಯಿಂದ ಆರಂಭವಾಗುತ್ತಿದ್ದು, ಸುಳಿವು ‘ಒಣಗಿದರೂ ಸಿಹಿ ಬಿಡದ ಹಣ್ಣು (2)’ ಎಂದಿದ್ದರೆ ದ್ರಾಕ್ಷಿ, ಹಾಗಾಗಿ ಭದ್ರಾ. ಮೇಲಿನ ಪದ ಆ ಮನೆಯಲ್ಲಿ ಬಂದು ಮುಗಿಯುತ್ತಿದ್ದು, ಸುಳಿವು ‘ರಾತ್ರಿ ಬಾರದಿದ್ದರೆ ಬೆಳಿಗ್ಗೆ ಕಾಡುವುದು (2)’ ಎಂದಿದ್ದರೆ ನಿದ್ರೆ, ಹಾಗಾಗಿ ಭದ್ರೆ. ಹೀಗೆ ಬರೆದಿಟ್ಟ ಅಕ್ಷರಕ್ಕೆ ಆಮೇಲೆ ಒಂದು ಗೆರೆ ಸೇರಿಸಿದರೆ ಆಯಿತು, ಅಳಿಸುವ ಪ್ರಮೇಯವೇ ಬರುವುದಿಲ್ಲ. ಸುಳಿವಿನಲ್ಲಿ ‘ತುಂಗೆ’ ಎಂದು ಬರೆದವರು ಉತ್ತರವನ್ನೂ ‘ಭದ್ರೆ’ ಎಂದೇ ಇಟ್ಟಿರಬಹುದೆಂಬ ಊಹೆ ಒಮ್ಮೊಮ್ಮೆ ಸರಿಯಾಗುತ್ತದೆ, ಆದರೆ ಅದನ್ನೇ ನಂಬಿ ಗಾಢವಾಗಿ ಬರೆಯಬೇಡಿ.

ಮಹಾಪ್ರಾಣ, ಶ–ಷ–ಸಗಳ ವಿಚಾರದಲ್ಲೂ ಇದೇ ಎಚ್ಚರಿಕೆ ಬೇಕು. ಘಟಪ್ರಭಾ ಎಂಬುದರ ‘ಘ’ ಮಾತಿನಲ್ಲಿ ‘ಗ’ ಆಗಿಬಿಡುತ್ತದೆ, ಶಿಂಷಾದ ಎರಡನೆಯ ಅಕ್ಷರ ಎಷ್ಟೋ ಜನರ ಕೈಯಲ್ಲಿ ‘ಶಾ’ ಆಗುತ್ತದೆ, ಮತ್ತು ಆ ಒಂದು ಮನೆಯಿಂದಾಗಿ ಅಡ್ಡಪದ ಹೊಳೆಯದೆ ಅರ್ಧ ಗಂಟೆ ವ್ಯರ್ಥವಾಗುತ್ತದೆ. ಉಚ್ಚಾರಣೆಯನ್ನು ನಂಬದೆ ಕಾಗುಣಿತವನ್ನು ನೋಡಿ.

ಮನೆಗಳನ್ನು ಎಣಿಸುವುದರಲ್ಲೂ ತಪ್ಪಾಗುತ್ತದೆ. ತುಂಗಭದ್ರಾ ನಾಲ್ಕು ಮನೆ: ತುಂ, ಗ, ಭ, ದ್ರಾ. ಲಕ್ಷ್ಮಣತೀರ್ಥ ಐದೇ ಮನೆ; ‘ಕ್ಷ್ಮ’ ಎಷ್ಟೇ ತೂಕದ ಅಕ್ಷರವಾದರೂ ಅದಕ್ಕೆ ಒಂದೇ ಚೌಕ. ಆದರೆ ವ್ಯಂಜನದಲ್ಲಿ ಕೊನೆಗೊಳ್ಳುವ ಸ್ಟೇಷನ್, ಬಸ್ ಮುಂತಾದ ಪದಗಳಲ್ಲಿ ಆ ಕೊನೆಯ ನ್, ಸ್‌ಗೆ ಪ್ರತ್ಯೇಕ ಮನೆ ಕೊಡುತ್ತಾರೆ. ಅಗ್ಗದ ಪದಬಂಧ ಪುಸ್ತಕಗಳಲ್ಲಿ ಈ ಲೆಕ್ಕವೇ ಪುಟದಿಂದ ಪುಟಕ್ಕೆ ಬದಲಾಗುತ್ತಿರುತ್ತದೆ. ಒಂದು ಪುಸ್ತಕದಲ್ಲಿ ಎಡದಿಂದ ಬಲಕ್ಕೆ ಓದುವ ಪದಕ್ಕೆ ‘ತಿ’, ಮೇಲಿನಿಂದ ಕೆಳಕ್ಕೆ ಓದುವ ಪದಕ್ಕೆ ‘ತೀ’ ಬೇಕಾದ ಮನೆಗಳು ನನಗೆ ಸಿಕ್ಕಿವೆ. ಅಂಥ ಪುಸ್ತಕದಲ್ಲಿ ಅಭ್ಯಾಸ ಮಾಡಿದವರಿಗೆ ಅಡ್ಡಪದದ ಮೇಲಿನ ನಂಬಿಕೆಯೇ ಹೊರಟುಹೋಗುತ್ತದೆ. ಕೊಳ್ಳುವ ಮುನ್ನ ಹಿಂದಿನ ಪುಟಗಳ ಒಂದೆರಡು ಉತ್ತರಗಳನ್ನು ಅಂಗಡಿಯಲ್ಲೇ ತಾಳೆ ನೋಡಿ.

ಐದನೆಯ ಹಂತ: ಆಟವಾಡುವ ಸುಳಿವುಗಳು

ಕೆಲವು ಸುಳಿವುಗಳು ಅರ್ಥವನ್ನು ಕೇಳುವುದಿಲ್ಲ, ಅಕ್ಷರಗಳನ್ನು ಅತ್ತಿತ್ತ ಮಾಡಿಸುತ್ತವೆ. ತಿರುಗಿದ, ಹಿಂದುಮುಂದಾದ, ತಲೆ ಹೋದ, ಬಾಲ ಕತ್ತರಿಸಿದ, ಚೆಲ್ಲಾಪಿಲ್ಲಿಯಾದ ಎಂಬ ಮಾತುಗಳು ಕಂಡರೆ ಸುಳಿವಿನಲ್ಲಿರುವ ಇನ್ನೊಂದು ಪದವನ್ನೇ ಹಿಡಿದುಕೊಳ್ಳಿ. ‘ದಿನ ತಿರುಗಿದರೆ ನೀರು ಹರಿಯುತ್ತದೆ (2)’ ಎಂದರೆ ನದಿ. ಗಮನಿಸಿ, ತಿರುಗುವುದು ಪೂರ್ಣಾಕ್ಷರ. ‘ದಿ’ಯ ಗುಡಿಸು ‘ದಿ’ಯ ಜೊತೆಗೇ ಹೋಗುತ್ತದೆ. ‘ತಲೆ ಬದಲಿಸಿದ ಹಾವೇರಿಯಲ್ಲಿ ತೀರ್ಥಸ್ನಾನ (3)’ ಎಂದರೆ ಕಾವೇರಿ. ಇಂಥ ಸುಳಿವುಗಳಿಗೆ ಹೆದರಿ ಕೊನೆಗೆ ಉಳಿಸಿಕೊಳ್ಳುವವರೇ ಹೆಚ್ಚು, ಆದರೆ ನನ್ನ ಮಟ್ಟಿಗೆ ಇವೇ ಅತ್ಯಂತ ಪ್ರಾಮಾಣಿಕ ಸುಳಿವುಗಳು, ಏಕೆಂದರೆ ಉತ್ತರದ ಅಕ್ಷರಗಳು ಬಹುಪಾಲು ಅಲ್ಲೇ ಕಣ್ಣೆದುರಿಗೆ ಇರುತ್ತವೆ.

ನೇರ ಸುಳಿವುಗಳಲ್ಲಿ ವಿಭಕ್ತಿ, ವಚನ, ಕಾಲಗಳನ್ನು ನೋಡಿ. ಸುಳಿವು ಬಹುವಚನದಲ್ಲಿದ್ದರೆ ಉತ್ತರದ ಕೊನೆಯಲ್ಲಿ ‘ಗಳು’ ಇರುವ ಸಂಭವ ಹೆಚ್ಚು. ಸುಳಿವು ‘ಓಡಿದನು’ ಎಂಬಂತೆ ಮುಗಿದರೆ ಕೊನೆಯ ಮನೆಗೆ ‘ನು’ ಎಂದು ತೆಳುವಾಗಿ ಬರೆದಿಡಬಹುದು.

ಆರನೆಯ ಹಂತ: ನಿಂತುಹೋದಾಗ

ನಿಘಂಟು ನೋಡುವುದು ತಪ್ಪೆಂದು ನಾನು ಎಣಿಸುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ‘ಸಂಕ್ಷಿಪ್ತ ಕನ್ನಡ ನಿಘಂಟು’ ಮನೆಯಲ್ಲಿದ್ದರೆ ಕಾಗುಣಿತದ ಅನುಮಾನಗಳು ಅಲ್ಲೇ ತೀರುತ್ತವೆ. ನದಿಗಳ ಪದಬಂಧಕ್ಕೆ ಶಾಲಾ ಮಕ್ಕಳ ಕರ್ನಾಟಕದ ಭೂಪಟ ಅದಕ್ಕಿಂತಲೂ ಮೇಲು. ಆದರೆ ಇಡೀ ಸುಳಿವನ್ನು ಮೊಬೈಲಿನಲ್ಲಿ ಹಾಕಿ ಉತ್ತರ ಕೇಳುವ ಅಭ್ಯಾಸವನ್ನು ಬಿಟ್ಟುಬಿಡಿ. ಅಲ್ಲಿ ಬರುವ ಉತ್ತರ ಅಡ್ಡಪದವನ್ನು ನೋಡಿ ಬಂದದ್ದಾಗಿರುವುದಿಲ್ಲ. ನಂಜನಗೂಡಿಗೆ ಕಬಿನಿ ಎಂದು ಅದು ಹೇಳಿದರೆ ನೀವು ಮತ್ತೆ ಹೊರಟಲ್ಲಿಗೇ ಬಂದಿರುತ್ತೀರಿ.

ನಿಂತುಹೋದ ಮೂಲೆಯನ್ನು ಬಿಟ್ಟು ಎದ್ದುಹೋಗಿ, ಸಂಜೆ ಮತ್ತೆ ನೋಡಿ. ಆಗಲೂ ಬಾರದಿದ್ದರೆ ಆ ಮೂಲೆಯಲ್ಲಿ ನಿಮಗೆ ಅತ್ಯಂತ ಖಚಿತವೆನಿಸಿದ ವಿಷಯದ ಪದವನ್ನೇ ಮೊದಲು ಅಳಿಸಿ. ಹತ್ತರಲ್ಲಿ ಎಂಟು ಸಲ ತಪ್ಪು ಇರುವುದು ಅಲ್ಲಿಯೇ, ಏಕೆಂದರೆ ಅದನ್ನು ಅಡ್ಡಪದಗಳ ಒಪ್ಪಿಗೆ ಪಡೆಯದೆ ಬರೆದಿರುತ್ತೇವೆ.

ಏಳನೆಯ ಹಂತ: ಮರುದಿನ

ಉತ್ತರ ಪ್ರಕಟವಾದ ಮೇಲೆ ಎಷ್ಟು ಸರಿಯಾಯಿತೆಂದು ಎಣಿಸಿ ಪತ್ರಿಕೆಯನ್ನು ರದ್ದಿಗೆ ಹಾಕಬೇಡಿ. ತಪ್ಪಾದ ಮನೆಯನ್ನು ಹುಡುಕಿ, ಅದರ ಎರಡೂ ಪದಗಳನ್ನು ಓದಿ, ಯಾವ ಅಕ್ಷರ ನಿಮ್ಮನ್ನು ಆ ಹೊತ್ತಿನಲ್ಲಿ ತಡೆಯಬಹುದಾಗಿತ್ತೆಂದು ಗುರುತು ಹಾಕಿಕೊಳ್ಳಿ. ಮೇಷ್ಟ್ರು ಈಗ ಕೆಂಪು ರಟ್ಟಿನ ಒಂದು ಸಣ್ಣ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಅದರ ಮೊದಲ ಪುಟದಲ್ಲಿ ಐದು ‘ವತಿ’ಗಳು ಒಂದರ ಕೆಳಗೊಂದು ಇವೆ, ಪ್ರತಿಯೊಂದರ ಮುಂದೆ ಅದು ಹೋಗಿ ಸೇರುವ ನದಿಯ ಅಥವಾ ಕಡಲಿನ ಹೆಸರು.