ಒಂದು ಸರ್ವ್ ಅಂದರೆ ಎಷ್ಟು ಹಿಡಿ? ಪ್ಯಾಕೆಟ್ ತಿಂಡಿ ಅಳೆದು ತಿನ್ನುವ ಬಗೆ

ಖಾರಾ ಮಿಕ್ಸ್‌ಚರ್‌ನ 200 ಗ್ರಾಂ ಪ್ಯಾಕೆಟ್ ಒಂದನ್ನು ತಿರುಗಿಸಿ ಹಿಂಬದಿಯ ಪೌಷ್ಟಿಕಾಂಶದ ಪಟ್ಟಿ ನೋಡಿ. ಒಂದು ಕಾಲಂನಲ್ಲಿ 100 ಗ್ರಾಂ ಲೆಕ್ಕ. ಪಕ್ಕದಲ್ಲೋ ಕೆಳಗೋ ಸಣ್ಣ ಅಕ್ಷರದಲ್ಲಿ ‘ಸರ್ವ್ ಸೈಜ್ 30 ಗ್ರಾಂ’ ಎಂದಿರುತ್ತದೆ, ಜೊತೆಗೆ ದಿನದ ಅಗತ್ಯದಲ್ಲಿ ಒಂದು ಸರ್ವ್‌ನ ಪಾಲು ಎಷ್ಟು ಶೇಕಡಾ ಎಂಬ ಅಂಕಿ. ಕಣ್ಣು ಹೋಗುವುದು ಆ ಶೇಕಡಾ ಮೇಲೆ, ಎಡವುವುದೂ ಅಲ್ಲೇ. ಆ 30 ಗ್ರಾಂ ಯಾವ ವೈದ್ಯರೂ ಬರೆದುಕೊಟ್ಟ ಪ್ರಮಾಣವಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮದಲ್ಲಿ ಸರ್ವ್ ಅಂದರೆ ಜನ ಒಂದು ಸಲಕ್ಕೆ ಸಾಮಾನ್ಯವಾಗಿ ತಿನ್ನುವಷ್ಟು, ಅಥವಾ ಲೇಬಲ್ ಮೇಲೆ ಹೇಳಿದಷ್ಟು. ಆ ‘ಅಥವಾ’ ಬಹಳ ದೊಡ್ಡ ಬಾಗಿಲು. ಒಂದೇ ಬಗೆಯ ಖಾರಕ್ಕೆ ಒಬ್ಬರು 20 ಗ್ರಾಂ ಹಾಕಬಹುದು, ಇನ್ನೊಬ್ಬರು 30. ಇಪ್ಪತ್ತು ಹಾಕಿದವರ ಶೇಕಡಾ ತಾನಾಗಿಯೇ ಸಣ್ಣದಾಗಿ ಕಾಣುತ್ತದೆ. ಆದ್ದರಿಂದ ಎರಡು ಪ್ಯಾಕೆಟ್ ಹೋಲಿಸಬೇಕಾದರೆ 100 ಗ್ರಾಂ ಕಾಲಂ ಮಾತ್ರ ನೋಡಿ. ನೀವು ತಿಂದದ್ದು ಎಷ್ಟು ಅನ್ನುವುದನ್ನು ನಿಮ್ಮ ಮನೆಯ ತಕ್ಕಡಿ ಹೇಳಲಿ.

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅಡುಗೆಕಟ್ಟೆಯ ಮೇಲೆ ಅಲುಗಾಡದಂತೆ ಇಟ್ಟು, ಖಾಲಿ ಬಟ್ಟಲಿಟ್ಟು, ‘ಟೇರ್’ ಗುಂಡಿ ಒತ್ತಿ ಸೊನ್ನೆ ಮಾಡಿ, ಆಮೇಲೆ ತಿಂಡಿ ಹಾಕಿ. ತಕ್ಕಡಿಯ ಮೇಲೆ ಅನುಮಾನವಿದ್ದರೆ 10 ರೂಪಾಯಿಯ ಹತ್ತು ನಾಣ್ಯ ಇಟ್ಟು ನೋಡಿ, ಸುಮಾರು 77 ಗ್ರಾಂ ತೋರಿಸಬೇಕು. ಐದಾರು ಗ್ರಾಂ ವ್ಯತ್ಯಾಸ ಬಂದರೆ ಮೊದಲು ಬ್ಯಾಟರಿ ಬದಲಿಸಿ.

ಮೊದಲ ದಿನ ಏನನ್ನೂ ಕಡಿಮೆ ಮಾಡಬೇಡಿ. ಸಂಜೆ ಕಾಫಿಯ ಜೊತೆ ಯಾವ ಬಟ್ಟಲಲ್ಲಿ ಎಷ್ಟು ಹಾಕಿಕೊಳ್ಳುತ್ತೀರೋ ಅಷ್ಟೇ ಹಾಕಿ, ತೂಕ ನೋಡಿ. ಮಿಕ್ಸ್‌ಚರ್ ಆದರೆ 70 ಗ್ರಾಂ ಬಂದರೂ ಆಶ್ಚರ್ಯವಿಲ್ಲ. ಈಗ ಲೆಕ್ಕ: ಪ್ಯಾಕೆಟ್ ಮೇಲೆ 100 ಗ್ರಾಂಗೆ 550 ಕಿಲೋಕ್ಯಾಲೊರಿ, ಕೊಬ್ಬು 37 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು (ಹೆಚ್ಚಾದರೆ ಹೃದಯಕ್ಕೆ ಒಳ್ಳೆಯದಲ್ಲದ ಬಗೆ) 14 ಗ್ರಾಂ, ಸೋಡಿಯಂ 900 ಮಿಲಿಗ್ರಾಂ ಎಂದಿದೆ ಅಂದುಕೊಳ್ಳಿ. ಎಲ್ಲವನ್ನೂ 0.7ರಿಂದ ಗುಣಿಸಿ. 385 ಕಿಲೋಕ್ಯಾಲೊರಿ, ಕೊಬ್ಬು 26 ಗ್ರಾಂ, ಸ್ಯಾಚುರೇಟೆಡ್ 9.8 ಗ್ರಾಂ, ಸೋಡಿಯಂ 630 ಮಿಲಿಗ್ರಾಂ. ಲೇಬಲ್‌ನ ದಿನದ ಲೆಕ್ಕ ನಿಂತಿರುವುದು 2000 ಕಿಲೋಕ್ಯಾಲೊರಿ, 67 ಗ್ರಾಂ ಒಟ್ಟು ಕೊಬ್ಬು, 22 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ ಮೇಲೆ. ಹಾಗಾಗಿ ಪ್ಯಾಕೆಟ್ ಒಂದು ಸರ್ವ್‌ಗೆ ಸ್ಯಾಚುರೇಟೆಡ್ ಕೊಬ್ಬು ಶೇ 19 ಎಂದರೆ, ನಿಮ್ಮ ಬಟ್ಟಲಿನಲ್ಲಿರುವುದು ಶೇ 45ರ ಹತ್ತಿರ. ರಾತ್ರಿ ಊಟ ಇನ್ನೂ ಬಾಕಿ ಇದೆ.

ಸೋಡಿಯಂ ಮಿಲಿಗ್ರಾಂನಲ್ಲಿ ಇರುವುದರಿಂದ ಉಪ್ಪು ಎಷ್ಟು ಎಂದು ಹೊಳೆಯುವುದಿಲ್ಲ. ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ: 630 ಮಿಲಿಗ್ರಾಂ ಸೋಡಿಯಂ ಅಂದರೆ ಒಂದೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು ಉಪ್ಪು. ಇಡೀ ದಿನದ ಮಿತಿ 5 ಗ್ರಾಂ. ಈ ದಿನದ ಲೆಕ್ಕವೆಲ್ಲ ವಯಸ್ಕರದು ಅನ್ನುವುದನ್ನೂ ನೆನಪಿಡಿ. ಆರು ವರ್ಷದ ಮಗುವಿಗೆ ಬೇಕಾದ ಶಕ್ತಿಯೇ 1400 ಕಿಲೋಕ್ಯಾಲೊರಿಯ ಆಸುಪಾಸು. ಅಪ್ಪನ ಬಟ್ಟಲನ್ನೇ ಮಗುವಿನ ಮುಂದಿಟ್ಟು ಪ್ಯಾಕೆಟ್ಟಿನ ಶೇಕಡಾ ಓದಿದರೆ ಲೆಕ್ಕ ತಪ್ಪುತ್ತದೆ.

ತಕ್ಕಡಿ ತಂದವರೂ ವಾರ ಕಳೆದ ಮೇಲೆ ‘ಒಂದು ಬಟ್ಟಲು’ ಎಂಬ ಅಂದಾಜಿಗೆ ಮರಳುತ್ತಾರೆ. ಬಟ್ಟಲು ಅಳೆಯುವುದು ಜಾಗವನ್ನು, ತೂಕವನ್ನಲ್ಲ. 200 ಮಿಲಿಲೀಟರ್ ಹಿಡಿಯುವ ಅದೇ ಸ್ಟೀಲ್ ಬಟ್ಟಲಲ್ಲಿ ಆಲೂಗಡ್ಡೆ ಚಿಪ್ಸ್ ತುಂಬಿದರೆ 15 ಗ್ರಾಂ ಆಗಬಹುದು, ಮಿಕ್ಸ್‌ಚರ್ 70–80, ಕಾಂಗ್ರೆಸ್ ಕಡಲೆಬೀಜ ನೂರರ ಮೇಲೆ. ಅಂದಾಜಿನಲ್ಲೇ ಹೋಗಬೇಕೆಂದಿದ್ದರೆ ಪ್ರತಿ ತಿಂಡಿಗೂ ಒಮ್ಮೆ ತೂಗಿ, 30 ಗ್ರಾಂ ಬಟ್ಟಲಿನ ಯಾವ ಮಟ್ಟಕ್ಕೆ ಬರುತ್ತದೆ ಎಂದು ಗುರುತಿಟ್ಟುಕೊಳ್ಳಿ. ಕಡಲೆಬೀಜಕ್ಕೆ ಚಿಕ್ಕ ಲೋಟವೇ ಸರಿ. ಅದರಲ್ಲಿ 30 ಗ್ರಾಂ ತುಂಬಿದಂತೆ ಕಾಣುತ್ತದೆ, ದೊಡ್ಡ ಬಟ್ಟಲಲ್ಲಿ ತಳಕ್ಕೆ ಅಂಟಿಕೊಂಡು ಕುಳಿತಿರುತ್ತದೆ, ಇನ್ನೊಂದು ಹಿಡಿ ಸುರಿಯೋಣ ಅನ್ನಿಸುತ್ತದೆ.

ಪ್ಯಾಕೆಟ್ ಪೂರ್ತಿ ಖಾಲಿಯಾಗಲು ಬಾಯಿಚಪಲ ಮಾತ್ರ ಕಾರಣವಲ್ಲ. ಒಡೆದ ಮೇಲೆ ಮೆತ್ತಗಾಗುತ್ತದೆ ಎಂಬ ಭಯವೂ ಇದೆ, ಅದರಲ್ಲೂ ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ. ಕಂಪನಿಗಳು ಪ್ಯಾಕೆಟ್ಟಿಗೆ ಸಾರಜನಕ ತುಂಬುವುದು ತಿಂಡಿ ಗರಿಗರಿಯಾಗಿರಲಿ, ಎಣ್ಣೆ ಕಮಟದಿರಲಿ ಎಂದು. ಕತ್ತರಿ ಹಾಕಿದ ಕ್ಷಣ ಆ ರಕ್ಷಣೆ ಹೋಯಿತು. ಅದಕ್ಕೇ ಪಾಲು ಮಾಡಬೇಕಾದದ್ದು ತಿನ್ನಲು ಕೂತಾಗಲ್ಲ, ಪ್ಯಾಕೆಟ್ ಒಡೆದ ಕೂಡಲೇ. ಒಡೆಯುವ ಮುಂಚೆ ಪ್ಯಾಕೆಟ್ಟನ್ನು ಎರಡು ಮೂರು ಸಲ ಮೇಲೆ ಕೆಳಗೆ ಮಾಡಿ. ಸೇವ್‌ನ ಪುಡಿ, ಉಪ್ಪು, ಖಾರ ತಳ ಸೇರಿರುತ್ತವೆ, ಹಾಗೇ ಬಿಟ್ಟರೆ ಕೊನೆಯ ಪಾಲು ಉಪ್ಪಿನ ಗುಡ್ಡೆ. ದೊಡ್ಡ ತಟ್ಟೆಗೆ ಸುರಿದು ಕೈಯಾಡಿಸಿ, 30 ಗ್ರಾಂನ ಆರು ಪಾಲು ಮಾಡಿ ಜಿಪ್ ಕವರ್‌ಗೋ ಸಣ್ಣ ಡಬ್ಬಿಗಳಿಗೋ ಹಾಕಿ. ಉಳಿದ 20 ಗ್ರಾಂ ಅವತ್ತಿನ ಅವಲಕ್ಕಿ ಒಗ್ಗರಣೆಯ ಮೇಲೆ ಉದುರಿಸಲು ಸಾಕು. ಕವರ್‌ನಿಂದ ಗಾಳಿ ಒತ್ತಿ ತೆಗೆದು ಮುಚ್ಚಿ, ಎಲ್ಲವನ್ನೂ ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿಯಲ್ಲಿಡಿ. ಒದ್ದೆ ಕೈ, ಬಿಸಿ ಒಲೆಯ ಪಕ್ಕ, ಎರಡೂ ಬೇಡ. ಮೆತ್ತಗಾದರೆ ಎಣ್ಣೆ ಹಾಕದೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಆಡಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಲ್ಲೇ ಮುಚ್ಚಿದರೆ ಆವಿ ಕಟ್ಟಿ ಮತ್ತೆ ಮೆತ್ತಗೆ. ಕಮಟು ವಾಸನೆ ಬಂದರೆ ಬಿಸಿ ಮಾಡಿ ಉಳಿಸುವ ಪ್ರಯತ್ನ ಬೇಡ, ಎಸೆಯಿರಿ.

ಇಷ್ಟು ರಗಳೆ ಬೇಡ ಅನ್ನುವವರಿಗೆ ಐದು, ಹತ್ತು ರೂಪಾಯಿಯ ಚಿಕ್ಕ ಪ್ಯಾಕೆಟ್ಟೇ ಒಳ್ಳೆಯದು, ಗ್ರಾಂ ಲೆಕ್ಕದಲ್ಲಿ ದುಬಾರಿ ಬಿದ್ದರೂ. ಷರತ್ತು ಒಂದೇ, ಒಂದು ಮಾತ್ರ ಕೊಳ್ಳಬೇಕು. ಅಂಗಡಿಯಲ್ಲಿ ತೋರಣ ಕಟ್ಟಿದ ಇಡೀ ಸರ ಮನೆಗೆ ಬಂದರೆ ಅದೂ ದೊಡ್ಡ ಪ್ಯಾಕೆಟ್ಟೇ. ಬೆಲೆ ಹಾಗೇ ಇಟ್ಟು ಗ್ರಾಂ ಇಳಿಸುವುದೂ, ‘ಹೆಚ್ಚುವರಿ’ ಎಂದು ಏರಿಸುವುದೂ ಉಂಟು, ಆದ್ದರಿಂದ ನಿವ್ವಳ ತೂಕವನ್ನು ಪ್ರತಿ ಸಲ ಓದಿ.

ಬಿಸ್ಕತ್ತಿಗೆ ತಕ್ಕಡಿ ಒಮ್ಮೆ ಸಾಕು: ಹತ್ತು ಬಿಸ್ಕತ್ತು ತೂಗಿ ಹತ್ತರಿಂದ ಭಾಗಿಸಿ, ಮುಂದೆ ಎಣಿಸಿಕೊಂಡರಾಯಿತು. ಒಂದು 5 ಗ್ರಾಂ ಇದ್ದು, 100 ಗ್ರಾಂಗೆ ಸೇರಿಸಿದ ಸಕ್ಕರೆ 25 ಗ್ರಾಂ ಇದ್ದರೆ, ಆರು ಬಿಸ್ಕತ್ತಿನಲ್ಲಿ ಏಳೂವರೆ ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದೂವರೆ ಚಮಚ ಸಕ್ಕರೆ. ಚಹಾದಲ್ಲಿರುವುದು ಬೇರೆ. ಕಾಂಡಿಮೆಂಟ್ಸ್ ಅಂಗಡಿಯ ಕೋಡುಬಳೆ, ನಿಪ್ಪಟ್ಟಿಗೂ ಇದೇ ಉಪಾಯ. ಅವುಗಳ ಕವರ್ ಮೇಲೆ ಪೌಷ್ಟಿಕಾಂಶದ ಪಟ್ಟಿ ಇಲ್ಲದಿದ್ದರೆ ಕರಿದ ಖಾರದ ಯಾವುದಾದರೂ ಪ್ಯಾಕೆಟ್ಟಿನ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿ. ಕೈಯಲ್ಲಿ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಎಣ್ಣೆ ಕಡಿಮೆ ಕುಡಿದಿರುವುದಿಲ್ಲ.

ಮುಂಬದಿಯ ಮಾತುಗಳಿಗೆ ಹೆಚ್ಚು ಬೆಲೆ ಕೊಡಬೇಡಿ. ‘ಕೊಲೆಸ್ಟ್ರಾಲ್ ಇಲ್ಲ’ ಅನ್ನುವುದು ಸಸ್ಯದ ಎಣ್ಣೆಯಲ್ಲಿ ಕರಿದ ಯಾವ ಚಿಪ್ಸ್‌ಗೂ ಹೇಳಬಹುದಾದ ಮಾತು. ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿಗೆ 2022ರಿಂದ ಶೇ 2ರ ಮಿತಿ ಇರುವುದರಿಂದ ಆ ಸಾಲಿನ ಸೊನ್ನೆಯೂ ದೊಡ್ಡ ಸಾಧನೆಯಲ್ಲ. ನೋಡಬೇಕಾದದ್ದು ಸ್ಯಾಚುರೇಟೆಡ್ ಸಾಲು. ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ‘ಮಲ್ಟಿಗ್ರೇನ್’ ಪ್ಯಾಕೆಟ್ಟಿನಲ್ಲಿ ಮೊದಲ ಹೆಸರು ಮೈದಾ, ಎರಡನೆಯದು ಪಾಮೋಲಿನ್ ಆಗಿದ್ದು ರಾಗಿ ಕೊನೆಯಲ್ಲೆಲ್ಲೋ ಇದ್ದರೆ ಅದು ಬಣ್ಣಕ್ಕಷ್ಟೇ ಇದೆ.

ಅಮೆರಿಕದಲ್ಲಿರುವವರಿಗೆ ಲೆಕ್ಕ ತಿರುಗುಮುರುಗು. ಅಲ್ಲಿನ ಲೇಬಲ್‌ನಲ್ಲಿ 100 ಗ್ರಾಂ ಕಾಲಂ ಇರುವುದಿಲ್ಲ, ಎಲ್ಲವೂ ಒಂದು ಸರ್ವಿಂಗ್‌ಗೆ. ಸರ್ವಿಂಗ್‌ನ ಪ್ರಮಾಣಕ್ಕೆ ಅಲ್ಲಿನ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಧಾರ ಅಳತೆ ಕೊಟ್ಟಿದೆ, ಚಿಪ್ಸ್‌ನಂಥ ತಿಂಡಿಗೆ 30 ಗ್ರಾಂ. ಊರಿಂದ ತಂದ ಚಕ್ಕುಲಿಯ ಜೊತೆ ಅಲ್ಲಿನ ಪ್ಯಾಕೆಟ್ ಹೋಲಿಸಬೇಕಿದ್ದರೆ, ಸರ್ವಿಂಗ್‌ನ ಅಂಕಿಯನ್ನು ಅದರ ಗ್ರಾಂನಿಂದ ಭಾಗಿಸಿ 100ರಿಂದ ಗುಣಿಸಿ. 28 ಗ್ರಾಂಗೆ 160 ಕ್ಯಾಲೊರಿ ಅಂದರೆ 100 ಗ್ರಾಂಗೆ ಸುಮಾರು 570. ಅವರು ಕ್ಯಾಲೊರಿ ಎಂದು ಬರೆಯುವುದೂ ನಮ್ಮ ಪ್ಯಾಕೆಟ್ಟಿನ ಕಿಲೋಕ್ಯಾಲೊರಿಯೂ ಒಂದೇ, ಸಾವಿರದಿಂದ ಗುಣಿಸಿ ಗಾಬರಿಯಾಗಬೇಕಿಲ್ಲ.