ಅಪರಾಧದ ಹಿಂದಿನ ಮನಸ್ಸನ್ನು ಅಭ್ಯಾಸ ಮಾಡುವ ಬಗೆ

ಅಪರಾಧ ಪ್ರಕರಣವೊಂದನ್ನು ಮನೋವಿಜ್ಞಾನದ ಕಣ್ಣಿನಿಂದ ಓದಲು ಹೊರಟವರು ‘ಇವನು ಎಂಥ ಮನುಷ್ಯ?’ ಎಂಬ ಪ್ರಶ್ನೆಯನ್ನು ಮೊದಲು ಬದಿಗಿಡಬೇಕು. ಆ ಪ್ರಶ್ನೆಯ ಬೆನ್ನು ಹತ್ತಿದ ಇಟಲಿಯ ವೈದ್ಯ ಚೆಸಾರೆ ಲೊಂಬ್ರೊಸೊ, 1876ರಲ್ಲಿ, ತಲೆಬುರುಡೆ, ದವಡೆ, ಕಿವಿಗಳ ಆಕಾರದಲ್ಲೇ ಅಪರಾಧಿಯ ಗುರುತು ಸಿಗುತ್ತದೆಂದು ವಾದಿಸಿದ. ಕಾರಾಗೃಹದ ವೈದ್ಯ ಚಾರ್ಲ್ಸ್ ಗೋರಿಂಗ್ ಇಂಗ್ಲೆಂಡಿನ ಸಾವಿರಾರು ಕೈದಿಗಳ ಅಳತೆಗಳನ್ನು ಪರಿಶೀಲಿಸಿ 1913ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಪ್ರತ್ಯೇಕ ಮಾದರಿಯೇನೂ ಕಾಣಲಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಇದೇ ಕೃತ್ಯ, ಇದೇ ದಿನ, ಇವನಿಂದಲೇ ಏಕೆ ನಡೆಯಿತು?

ಆದ್ದರಿಂದ ಬಾಲ್ಯದಿಂದ ಆರಂಭಿಸದೆ ಘಟನೆಯ ದಿನದಿಂದ ಹಿಂದಕ್ಕೆ ನಡೆಯಿರಿ. ಹಿಂದಿನ ಕೆಲವು ಗಂಟೆಗಳಲ್ಲಿ ಅವನು ಎಲ್ಲಿದ್ದ, ಜೊತೆಗೆ ಯಾರಿದ್ದರು, ಮದ್ಯ ಸೇವಿಸಿದ್ದನೇ, ತಡೆಯಬಲ್ಲವರು ಸಮೀಪದಲ್ಲಿದ್ದರೇ ಎಂಬುದನ್ನು ಬರೆದುಕೊಳ್ಳಿ. ಪ್ರೇರಣೆ ಎಷ್ಟೇ ಬಲವಾಗಿರಲಿ, ಅವಕಾಶವಿಲ್ಲದೆ ಅದು ಕೃತ್ಯವಾಗುವುದಿಲ್ಲ.

ಅನಂತರ ಆರೋಪಿಯ ಹೇಳಿಕೆಯನ್ನು ನಿಧಾನವಾಗಿ ಓದಬೇಕು. ನನ್ನ ಮಟ್ಟಿಗೆ ಇಡೀ ಅಭ್ಯಾಸದ ತಿರುಳು ಇಲ್ಲಿದೆ. ಸಂಸ್ಥೆಯ ಹಣವನ್ನು ತಿಂಗಳುಗಟ್ಟಲೆ ತೆಗೆಯುತ್ತ ಬಂದ ನಗದು ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳಿ. ಅವನು ‘ಕದ್ದೆ’ ಎನ್ನುವುದಿಲ್ಲ, ‘ತಿರುಗಿ ಇಡುವವನಿದ್ದೆ’ ಎನ್ನುತ್ತಾನೆ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ 1957ರಲ್ಲಿ ಇಂಥ ಸಮರ್ಥನೆಗಳನ್ನು ಐದು ಬಗೆಯಾಗಿ ವಿಂಗಡಿಸಿದರು: ಹೊಣೆ ನನ್ನದಲ್ಲ, ಯಾರಿಗೂ ಹಾನಿಯಾಗಿಲ್ಲ, ಅವರಿಗೆ ಹಾಗೇ ಆಗಬೇಕಿತ್ತು, ದೂರುವವರೇನು ಸಾಚಾಗಳೇ, ನನ್ನವರಿಗಾಗಿ ಮಾಡಿದೆ. ಇವುಗಳನ್ನು ಸಿಕ್ಕಿಬಿದ್ದ ಮೇಲೆ ಕಟ್ಟಿದ ನೆಪಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಹಣಕಾಸಿನ ನಂಬಿಕೆದ್ರೋಹ ಎಸಗಿದ ಕೈದಿಗಳನ್ನು ಮಾತನಾಡಿಸಿದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ 1953ರಲ್ಲಿ ತೋರಿಸಿದಂತೆ, ‘ಇದು ಬರಿಯ ಸಾಲ’ ಎಂಬ ಮಾತು ಕೈ ಚಾಚುವ ಮೊದಲೇ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ಅದರ ಜೊತೆಗೆ, ಯಾರೊಡನೆಯೂ ಹೇಳಿಕೊಳ್ಳಲಾಗದ ಒಂದು ಹಣದ ಸಂಕಟವೂ ಇರುತ್ತದೆ. ಹಾಗಾಗಿ ಹೇಳಿಕೆಯಲ್ಲಿ ಪ್ರತಿಯೊಂದು ಸಮರ್ಥನೆಗೂ ಅಡಿಗೆರೆ ಎಳೆದು, ಅದು ಕೃತ್ಯಕ್ಕೆ ಮೊದಲು ಹುಟ್ಟಿದ್ದೇ, ಅನಂತರದ್ದೇ ಎಂದು ಪಕ್ಕದಲ್ಲಿ ಗುರುತು ಹಾಕಿ.

ಮೊದಲ ತಪ್ಪು ಯಾವ ವಯಸ್ಸಿನದೆಂಬುದನ್ನೂ ದಾಖಲಿಸಿ. ಹದಿಹರೆಯದಲ್ಲಿ ಗೆಳೆಯರ ಜೊತೆ ಶುರುವಾಗಿ ಪ್ರಾಯ ಬಲಿತಂತೆ ನಿಲ್ಲುವ ಅಪರಾಧವೇ ಹೆಚ್ಚು. ಚಿಕ್ಕಂದಿನಲ್ಲೇ ಕಾಣಿಸಿಕೊಂಡು ಬದುಕಿನುದ್ದಕ್ಕೂ ಸಾಗುವವರ ಗುಂಪು ಚಿಕ್ಕದು ಎಂದು ಮನೋವಿಜ್ಞಾನಿ ಟೆರಿ ಮಾಫಿಟ್ 1993ರಲ್ಲಿ ವಿವರಿಸಿದರು. ಎರಡಕ್ಕೂ ಒಂದೇ ಕಾರಣ ಹೊಂದುವುದಿಲ್ಲ.

ಬಾಲ್ಯದ ಹಿಂಸೆ, ಬಡತನ, ತಂದೆತಾಯಿಯರ ಅಪರಾಧ ಇವೆಲ್ಲ ಸಂಭವವನ್ನು ಹೆಚ್ಚಿಸುತ್ತವೆ, ಆದರೆ ಹಿಂಸೆ ಉಂಡ ಬಹುಪಾಲು ಮಕ್ಕಳು ಅಪರಾಧಿಗಳಾಗುವುದಿಲ್ಲ. ಮಾನಸಿಕ ಕಾಯಿಲೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಸುದ್ದಿ ಓದಿ ಯಾರನ್ನಾದರೂ ‘ಸೈಕೋಪಾತ್’ (ಅನುಕಂಪ, ಪಶ್ಚಾತ್ತಾಪಗಳಿಲ್ಲದ ವ್ಯಕ್ತಿ) ಎನ್ನುವುದಂತೂ ಸಲ್ಲದು: ಅದನ್ನು ಅಳೆಯಲು ಮನೋವಿಜ್ಞಾನಿ ರಾಬರ್ಟ್ ಹೇರ್ ರೂಪಿಸಿದ ಮಾಪನದಲ್ಲಿ 20 ಅಂಶಗಳಿದ್ದು, ತರಬೇತಿ ಪಡೆದವರು ಸಂದರ್ಶನ ಹಾಗೂ ದಾಖಲೆಗಳ ಆಧಾರದಿಂದ ಒಂದೊಂದಕ್ಕೂ 0ಯಿಂದ 2ರವರೆಗೆ ಅಂಕ ಕೊಡುತ್ತಾರೆ.

ಕೊನೆಗೆ ನೀವು ಬರೆದ ಕಾರಣಗಳನ್ನೆಲ್ಲ, ಅದೇ ಮನೆಯಲ್ಲಿ ಬೆಳೆದು ಅಪರಾಧ ಮಾಡದ ಸಹೋದರನಿಗೆ ಅನ್ವಯಿಸಿ ನೋಡಿ. ಅವನಿಗೂ ಅಷ್ಟೇ ಸಲ್ಲುವವನ್ನು ‘ಹಿನ್ನೆಲೆ’ ಎಂದು ಬೇರೆಯಾಗಿಟ್ಟು, ಉಳಿದವುಗಳನ್ನು ಹಿಡಿದುಕೊಂಡು ಮತ್ತೆ ಘಟನೆಯ ದಿನಕ್ಕೆ ಮರಳಿ.